ಮೊಲದ ಕಣ್ಣು, ಹಿಟ್ಟಿನ ಕೋಳಿ

ಕಳೆದ ತಿಂಗಳು ಚಿಕ್ಕಪ್ಪನ ಮಗಳ ಮದುವೆಯ ಸಾಮಾನು ಕೊಳ್ಳಲು ಸುರಪುರದಿಂದ ಶಹಾಪುರಕ್ಕೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಅಂಗಡಿಯಲ್ಲಿ ಅವಳು ಒಂದು ಲಿಪ್‌ಸ್ಟಿಕ್ ಆರಿಸಿದಳು. ಡಬ್ಬಿಯ ಮೇಲೆ ಜಿಗಿಯುವ ಮೊಲದ ಗುರುತಿತ್ತು. ಅದನ್ನು ಕಂಡು ಕೆಳಗಿಟ್ಟಳು. "ಅಕ್ಕಾ, ಇದ್ರಾಗ ಮೊಲದ ಕೊಬ್ಬು ಹಾಕ್ಯಾರೇನು?" ಇಲ್ಲ, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಲ್ಲ ಎಂಬುದಕ್ಕೆ ಆ ಗುರುತು ಎಂದೆ. "ಅಂದ್ರ ಉಳಿದಿದ್ದೆಲ್ಲ ಮೊಲಕ್ಕ ಹಚ್ಚಿ ನೋಡ್ತಾರಾ?" ಎಂದಳು. ಅಂಗಡಿಯವರು ನಕ್ಕರು. ನನಗೆ ನಗು ಬರಲಿಲ್ಲ.

ಹಚ್ಚಿ ನೋಡುತ್ತಿದ್ದರು, ಅದೂ ಕಣ್ಣಿಗೆ. 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ ಅದು. ಬಿಳಿ ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕಿ, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟು, ಕೆಂಪಾದದ್ದಕ್ಕೆ, ಬಾತದ್ದಕ್ಕೆ, ಮಸುಕಾದದ್ದಕ್ಕೆ ದಿನಗಟ್ಟಲೆ ಅಂಕ ಕೊಡುತ್ತಿದ್ದರು. ಆದರೆ ಇದು ಬರೀ ಕ್ರೌರ್ಯದಿಂದ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡು ಅಲ್ಲಿನ ಹೆಣ್ಣುಮಕ್ಕಳ ಕಣ್ಣು ಹೋಗಿತ್ತು, ಜೀವವೂ ಹೋಗಿತ್ತು. ಅದನ್ನು ಮಾರುಕಟ್ಟೆಯಿಂದ ತೆಗೆಸುವ ಅಧಿಕಾರ ಆಗಿನ ಕಾನೂನಿಗೆ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು; ಅದರ ಹಿಂದೆ ಮೊಲ ಬಂತು. ಹೆಣ್ಣಿನ ಕಣ್ಣು ಉಳಿಸಲು ಮೊಲದ ಕಣ್ಣು. ಈ ಲೆಕ್ಕವನ್ನು ತಳ್ಳಿಹಾಕುವ ಮುನ್ನ ಅದರ ಭಾರವನ್ನು ಒಪ್ಪಿಕೊಳ್ಳಬೇಕು.

ಯುರೋಪಿಯನ್ ಒಕ್ಕೂಟ 2013ರಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೆ ಪೂರ್ಣ ತಡೆ ಹಾಕಿತು. ನಮ್ಮ ಸರ್ಕಾರ 2014ರ ಮೇ ತಿಂಗಳಲ್ಲಿ ಅಂಥ ಪರೀಕ್ಷೆಯನ್ನೂ ನವೆಂಬರಿನಿಂದ ಅಂಥ ಸಾಮಗ್ರಿಯ ಆಮದನ್ನೂ ನಿಷೇಧಿಸಿತು. ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಹರೆಯದಲ್ಲಿ ಬೇಟೆಗೆ ಹೋಗುತ್ತಿದ್ದ ಸೋದರಮಾವ ತುತ್ತು ತಡೆದು ಕೇಳಿದರು: "ನಾವು ಮೊಲ ಹಿಡದ್ರ ಕೇಸು. ಅವ್ರು ಅದ್ರ ಕಣ್ಣಾಗ ಔಷಧ ಹಾಕಿದ್ರ ಶಾಣ್ಯಾರು ಅಂತಿದ್ರೇನು? ನಮ್ಮ ಮೊಲಕ್ಕ ಓಡಾಕರ ದಾರಿ ಇತ್ತು ಯವ್ವಾ." ಬೇಟೆಯನ್ನು ನಾನು ಸಮರ್ಥಿಸಲಾರೆ. ಆದರೆ ಹಸಿವಿಗೆ ಕೊಂದವನಿಗೆ ತಾನು ಕೊಂದೆ ಎಂಬುದಾದರೂ ಗೊತ್ತಿರುತ್ತದೆ. ತುಟಿಗೆ ಬಣ್ಣ ಹಚ್ಚಿಕೊಂಡವರಿಗೆ ಮೊಲ ಕಾಣುವುದೇ ಇಲ್ಲ.

ನನ್ನ ಸಂಶೋಧನೆ ಜನ್ನನ 'ಯಶೋಧರ ಚರಿತೆ'ಯ ಸುತ್ತ ಇರುವುದರಿಂದ ನನ್ನ ಯೋಚನೆ ಅಲ್ಲಿಗೇ ಹೋಯಿತು. 1209ರ ಆ ಕಾವ್ಯದಲ್ಲಿ ರಾಜ ಯಶೋಧರ ತಾಯಿಯ ಒತ್ತಾಯ ಮೀರಲಾರದೆ, ಜೀವಬಲಿಯನ್ನೂ ಕೊಡಲೊಲ್ಲದೆ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಕೋಳಿ ಕೂಗುತ್ತದೆ. ಕಡಿದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ನಿಜವಾದ್ದರಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನೆತ್ತಿ ನೋಯುತ್ತಾರೆ. ಇಂದಿನ ಪ್ರಯೋಗಾಲಯಗಳೂ ಬದಲಿಗಳನ್ನು ಮಾಡಿಕೊಂಡಿವೆ: ಮನುಷ್ಯರ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರ, ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಕಾರ್ನಿಯಾ. ಇವು ಮೊಲವನ್ನು ಉಳಿಸಿವೆ, ಸಂತೋಷ. ಆದರೆ ಯಶೋಧರ ಕೋಳಿಯನ್ನು ಬದಲಿಸಿದನೇ ಹೊರತು ಬಲಿ ಬೇಕು ಎಂಬುದನ್ನು ಬದಲಿಸಲಿಲ್ಲ. ನಮ್ಮ ನಿಷೇಧವೂ ಅಷ್ಟಕ್ಕೇ ನಿಂತರೆ?

ಹಾಗೆ ನಿಂತದ್ದು 2023ರ ನವೆಂಬರಿನಲ್ಲಿ ಕಂಡಿತು. ಸೌಂದರ್ಯವರ್ಧಕಗಳಲ್ಲಷ್ಟೇ ಬಳಸುವ ಎರಡು ಸನ್‌ಸ್ಕ್ರೀನ್ ರಾಸಾಯನಿಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಬೇಕೆಂದು ಯುರೋಪಿನ ರಾಸಾಯನಿಕ ನಿಯಂತ್ರಣ ಸಂಸ್ಥೆ ಹೇಳಿತ್ತು. ಸಿಮ್ರೈಸ್ ಎಂಬ ಜರ್ಮನ್ ಕಂಪನಿ ಅದನ್ನು ಪ್ರಶ್ನಿಸಿ ಸೋತಿತು. ಹಚ್ಚಿಕೊಳ್ಳುವವರಿಗಾಗಿ ಪರೀಕ್ಷೆ ಬೇಡ, ಆದರೆ ತಯಾರಿಸುವ ಕಾರ್ಮಿಕರ ಸುರಕ್ಷತೆಗಾಗಿ ಕೇಳಬಹುದು ಎಂಬುದು ಅಲ್ಲಿನ ನ್ಯಾಯಾಲಯದ ನಿಲುವು.

ಇಲ್ಲಿ ನಾನು ತಡವರಿಸುತ್ತೇನೆ. ತಂಗಿಯನ್ನು ಮದುವೆಯಾಗಲಿರುವ ಹುಡುಗ ಯಾದಗಿರಿ ತಾಲೂಕಿನ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ, ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಅವನ ಉಸಿರು ದೊಡ್ಡದೋ ಮೊಲದ್ದೋ ಎಂದು ಕೇಳಿದರೆ ಅವನದ್ದೇ ಎನ್ನುತ್ತೇನೆ. ಆದರೆ ಪ್ರಾಣಿ ಇಲ್ಲವೇ ಕಾರ್ಮಿಕ ಎಂಬ ಎರಡೇ ದಾರಿ ಉಳಿಯುವುದು, ಆ ವಸ್ತು ಬೇಕೇ ಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಾಗ. ಔಷಧದ ವಿಷಯದಲ್ಲಿ ಆ 'ಬೇಕು' ಎಂಬುದಕ್ಕೆ ರೋಗಿಯ ಜೀವದ ತೂಕವಿದೆ. ಅಲ್ಲಿ ನಾನು ಅವಸರದ ತೀರ್ಪು ಕೊಡಲಾರೆ. ತುಟಿಯ ಹೊಳಪಿಗೆ ಆ ತೂಕವಿಲ್ಲ. ಪ್ರಾಣಿಯನ್ನು ನೋಯಿಸದೆ ಸುರಕ್ಷಿತವೆಂದು ತೋರಿಸಲಾಗದ ಹೊಸ ಬಣ್ಣ ಬಾರದಿದ್ದರೆ ಯಾರ ಮದುವೆಯೂ ನಿಲ್ಲುವುದಿಲ್ಲ. ವಸ್ತು ಹಳೆಯದಾದರೆ, ಅದನ್ನು ವರ್ಷಗಟ್ಟಲೆ ಮುಟ್ಟಿದವರ ಆರೋಗ್ಯವನ್ನೇ ತಪಾಸಣೆ ಮಾಡಿ ಬರೆದಿಡಬಹುದು. ಒಳ್ಳೆಯ ಮಾಸ್ಕು, ಕೈಗವಸು, ಗಾಳಿಯಾಡುವ ಶೆಡ್ಡು ಕೊಡಬಹುದು. ಇದಕ್ಕೆ ದುಡ್ಡು ಬೇಕು, ದಿನವೂ ನಿಗಾ ಬೇಕು. ಪ್ರಾಣಿಯ ಮೇಲಿನ ಪರೀಕ್ಷೆಯ ಕಾಗದ ತೋರಿಸಿ ಇದನ್ನೆಲ್ಲ ಮರೆಯುವುದು ಸುಲಭ. ಆಗ ಮೊಲಕ್ಕೂ ನ್ಯಾಯವಿಲ್ಲ, ಹುಡುಗನಿಗೂ ಇಲ್ಲ.

ತಂಗಿ ಆ ಲಿಪ್‌ಸ್ಟಿಕ್ಕನ್ನೇ ಕೊಂಡಿದ್ದಳು. ಮಾವನ ಮಾತು, ನನ್ನ ಮಾತು ಎಲ್ಲ ಕೇಳಿಸಿಕೊಂಡು, ಮಲಗುವ ಮುಂಚೆ ಡಬ್ಬಿಯನ್ನು ಮತ್ತೆ ತಿರುಗಿಸಿ ನೋಡಿದಳು. "ಮೊಲದ ಗುರ್ತು ಹಾಕ್ಯಾರ. ಇದನ್ನ ಮಾಡಿದ ಮಂದಿ ಆರಾಮ ಅದಾರ ಅನ್ನೋ ಗುರ್ತು ಎಲ್ಲೆದ ಅಕ್ಕಾ?" ಎಂದಳು. ಆಮೇಲೆ ಮೊಬೈಲ್ ತೆಗೆದುಕೊಂಡು, ಕೆಲಸದ ಹೊತ್ತಿನಲ್ಲಿ ಮಾಸ್ಕ್ ಕೊಡುತ್ತಾರೋ ಇಲ್ಲವೋ ಎಂದು ಕೇಳಲು ಕಡೇಚೂರಿಗೆ ಫೋನ್ ಹಚ್ಚಿದಳು.