ಸಹಿ ಬೀಳದ ಬಿಡುಗಡೆಪತ್ರ



ದನದ ಜಾತ್ರೆಯ ವ್ಯಾಪಾರ ಹೇಗೆಂಬುದನ್ನು ಹೊಳಲ್ಕೆರೆ ಸೀಮೆಯ ರೈತರಿಗೆ ಯಾರೂ ವಿವರಿಸಬೇಕಾದುದಿಲ್ಲ. ಕೊಳ್ಳುವವನು ಎತ್ತಿನ ಬಾಯಿ ತೆರೆದು ಹಲ್ಲು ನೋಡುವನು, ಬೆನ್ನು ಸವರುವನು, ನಾಲ್ಕು ಹೆಜ್ಜೆ ನಡೆಸುವನು. ಬೆಲೆಯ ಮಾತು ಅನಂತರ. ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಹರಾಜುಕಟ್ಟೆಯಲ್ಲಿ ಲೆಗ್ರಿ ಎಂಬ ಹತ್ತಿಯ ತೋಟದ ಯಜಮಾನನು ಹೀಗೆಯೇ ದವಡೆ ಹಿಡಿದೆಳೆದು ಹಲ್ಲು ನೋಡಿದನೆಂದು ಒಂದು ಕಾದಂಬರಿ ಹೇಳುತ್ತದೆ. ಆ ದವಡೆ ಟಾಮ್ ಎಂಬ ಮನುಷ್ಯನದು.

ಹ್ಯಾರಿಯೆಟ್ ಬೀಚರ್ ಸ್ಟೋ ಎಂಬ ಮಹಿಳೆ 1852ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಆ ಕಾದಂಬರಿ. ಮೊದಲನೆಯ ವರ್ಷದಲ್ಲಿಯೇ ಅದರ ಸುಮಾರು 3 ಲಕ್ಷ ಪ್ರತಿಗಳು ಆ ದೇಶದಲ್ಲಿ ಮಾರಾಟವಾದವು. ಅಲ್ಲಿಯ ಸುಮಾರು 40 ಲಕ್ಷ ಗುಲಾಮರಿಗೆ ಶಾಸನಬದ್ಧವಾದ ಬಿಡುಗಡೆ ಪೂರ್ಣವಾಗಿ ದೊರೆತದ್ದು, ನಾಲ್ಕು ವರ್ಷಗಳ ಘೋರವಾದ ಅಂತರ್ಯುದ್ಧ ಕಳೆದಮೇಲೆ, 1865ರಲ್ಲಿ.

ಓದಿದವರಿಗೆ ಹೆಚ್ಚಾಗಿ ನೆನಪಿರುವುದು ಲೆಗ್ರಿಯ ಚಾವಟಿ. ದುಷ್ಟನನ್ನು ದ್ವೇಷಿಸುವುದು ಸುಲಭ. ಅದರಿಂದ ನಮ್ಮ ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಆದರೆ ಲೆಗ್ರಿಯ ಕೈಗೆ ಬೀಳುವ ಮೊದಲು ಟಾಮನಿಗೆ ಇಬ್ಬರು ಒಳ್ಳೆಯ ಒಡೆಯರಿದ್ದರು. ಅವನನ್ನು ಆ ಹರಾಜುಕಟ್ಟೆಗೆ ತಂದು ನಿಲ್ಲಿಸಿದುದು ಅವರ ಒಳ್ಳೆಯತನವೇ. ನಾವು ವಿಚಾರಿಸತಕ್ಕದ್ದು ಅದನ್ನು.

ಮೊದಲನೆಯವನು ಶೆಲ್ಬಿ. ಹಣ ಕೊಟ್ಟು ದೂರದ ಊರಿಗೆ ಒಬ್ಬನನ್ನೇ ಕಳುಹಿಸಿದರೂ ಟಾಮ್ ತಿರುಗಿ ಬರುವನೆಂಬ ನಂಬಿಕೆ ಅವನಿಗೆ. ಬಿಡುಗಡೆ ಮಾಡುವೆನೆಂದು ಮಾತನ್ನೂ ಕೊಟ್ಟಿದ್ದನು. ಆದರೆ ಸಾಲ ಮೈಮೇಲೆ ಬಂದ ದಿವಸ ಆ ಮಾತು ಹಿಂದಕ್ಕೆ ಸರಿಯಿತು. ಟಾಮನು ವ್ಯಾಪಾರಿಯ ಪಾಲಾದನು. ಎರಡನೆಯವನು ಸೇಂಟ್ ಕ್ಲೇರ್, ಇನ್ನೂ ಕೋಮಲಹೃದಯಿ. ದಾಸ್ಯ ಅನ್ಯಾಯವೆಂದು ವಾದಿಸಬಲ್ಲವನು, ಆದರೆ ಕಾರ್ಯದಲ್ಲಿ ಮೈಗಳ್ಳ. ಮಗಳು ತೀರಿಕೊಂಡಮೇಲೆ ಟಾಮನ ಬಿಡುಗಡೆಗೆ ಕಾಗದಪತ್ರಗಳ ಏರ್ಪಾಟನ್ನು ಆರಂಭಿಸಿದನು. ಅವನ ನೆಂಟಳಾದ ಒಫೀಲಿಯಾ ಮಾತ್ರ ಟಾಪ್ಸಿ ಎಂಬ ಹುಡುಗಿಯ ಪತ್ರವನ್ನು ಕುಳಿತಲ್ಲಿಯೇ ಬರೆಯಿಸಿ ಸಹಿ ಹಾಕಿಸಿಕೊಂಡಳು. ನೀನು ಸತ್ತರೆ, ಇಲ್ಲವೆ ದಿವಾಳಿಯಾದರೆ, ಮಗುವಿನ ಗತಿಯೇನೆಂದು ಕೇಳಿದಳು. ಅವನು ನಕ್ಕನು. ಅದೇ ದಿವಸ ಸಂಜೆ, ಜಗಳವಾಡುತ್ತಿದ್ದ ಇಬ್ಬರನ್ನು ಬಿಡಿಸಹೋಗಿ ಇರಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ಟಾಪ್ಸಿ ಉಳಿದಳು. ಟಾಮನ ಪತ್ರಕ್ಕೆ ಸಹಿ ಬಿದ್ದಿರಲಿಲ್ಲ.

(ಈ ಒಫೀಲಿಯಾಳೂ ದಾಸ್ಯವನ್ನು ಖಂಡಿಸುವವಳಾಗಿದ್ದರೂ, ಕರಿಯ ಮಗುವನ್ನು ಮುಟ್ಟಲು ಆದಿಯಲ್ಲಿ ಹೇಸುತ್ತಿದ್ದಳು. ಸಭೆಯಲ್ಲಿ ಸಮಾನತೆಯನ್ನು ಬೋಧಿಸಿ ಮನೆಯಲ್ಲಿ ಬೇರೆ ಲೋಟ ಇಟ್ಟಿರುವವರು ಆಕೆಯನ್ನು ನೋಡಿ ನಗುವಂತಿಲ್ಲ.)

ಇದು ಕಡಲಾಚೆಯ ಕಥೆಯೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂದಿತು. ಚೋಮನು ಸಂಕಪ್ಪಯ್ಯನ ಮೂಲದ ಆಳು. ಮನೆಯಲ್ಲಿ ಎರಡು ಎತ್ತುಗಳುಂಟು, ಉಳಲು ಅಂಗೈಯಗಲ ಗದ್ದೆಯಿಲ್ಲ. ಅವನ ಜಾತಿಯವರು ಬೇಸಾಯ ಮಾಡಕೂಡದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನು ಜ್ವರದಿಂದ ಮಡಿಯುತ್ತಾನೆ. ಸಂಕಪ್ಪಯ್ಯನು ಕ್ರೂರಿಯಲ್ಲ. ಭೂಮಿ ಕೊಡಲು ಅವನ ಮನಸ್ಸು ಒಲಿಯುತ್ತದೆ, ತಾಯಿಯ ಮಾತಿಗೆ ಮಣಿದು ಮುದುಡುತ್ತದೆ. ಕನ್ನಡ ಜಿಲ್ಲೆಯ ಈ ಧಣಿಯೂ ಸೇಂಟ್ ಕ್ಲೇರನೂ ಒಂದೇ ಪಂಕ್ತಿಯವರು.

ನಮ್ಮ ಬಯಲುಸೀಮೆಯಲ್ಲಿ ಇದರ ಹೆಸರು ಜೀತ. ಮದುವೆಗೋ ತಿಥಿಗೋ ತಂದೆ ಸಾಲ ತೆಗೆದು ಹೆಬ್ಬೆಟ್ಟು ಒತ್ತುವನು. ಮಗನು ದನ ಕಾಯಲು ನಿಲ್ಲುವನು. ಎರಡು ಹೊತ್ತು ಮುದ್ದೆ, ವರ್ಷಕ್ಕೊಂದು ಕಂಬಳಿ. ಅಸಲು ಕರಗುವುದಿಲ್ಲ, ಹುಡುಗನ ಆಯುಷ್ಯ ಕರಗುತ್ತದೆ. ಆ ಮನೆಯವರನ್ನು ಕೇಳಿದರೆ, “ನಮ್ಮ ಮಗನಂತೆಯೇ ಸಾಕಿದ್ದೇವೆ” ಎನ್ನುವರು. ಅದು ಸುಳ್ಳೆಂದೇ ಹೇಳಲಾಗದು. ಹಬ್ಬದಲ್ಲಿ ಅವನಿಗೂ ಹೋಳಿಗೆಯುಂಟು. ಆದರೆ ಮಗನಾದವನು ಶಾಲೆಗೆ ಹೋದಾಗ ಇವನು ಎಲ್ಲಿದ್ದನು?

ಸಂವಿಧಾನದ 23ನೆಯ ಅನುಚ್ಛೇದವು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. 1976ರ ಜೀತಪದ್ಧತಿ ರದ್ದತಿ ಅಧಿನಿಯಮವು ಜೀತದ ಸಾಲವನ್ನೇ ಅಳಿಸಿಹಾಕಿತು. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷಗಳವರೆಗೆ ಸೆರೆಯನ್ನೂ 2000 ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದೆಂದು ಗೊತ್ತುಮಾಡಿತು. ಆದರೂ ಇಟ್ಟಿಗೆಯ ಗೂಡುಗಳಲ್ಲಿ, ಕಲ್ಲುಗಣಿಗಳಲ್ಲಿ ‘ಮುಂಗಡ’ವೆಂಬ ಸಭ್ಯ ಹೆಸರಿನಿಂದ ಅದೇ ಹಗ್ಗ ಹೊಸೆಯಲ್ಪಡುತ್ತಿದೆ.

ಶರಣಮಾರ್ಗದಲ್ಲಿ ನಡೆಯುವೆವೆನ್ನುವ ನಮಗೆ ಕಾನೂನಿಗಿಂತ ಹಿಂದಿನ ಪ್ರಮಾಣವೊಂದುಂಟು. ಮಾದಾರ ಚೆನ್ನಯ್ಯನವರು ಕರಿಕಾಲ ಚೋಳನ ಕುದುರೆಲಾಯಕ್ಕೆ ಹುಲ್ಲು ಹೊರುತ್ತಿದ್ದ ಆಳೆಂದೂ ಅವರ ಅಂಬಲಿಯನ್ನು ಶಿವನು ಸವಿದನೆಂದೂ ಶರಣರ ಕಥೆಗಳು ಹೇಳುತ್ತವೆ. ಬಿಜ್ಜಳನ ಭಂಡಾರವನ್ನಾಳಿದ ಬಸವಣ್ಣನವರು, ಆ ಚೆನ್ನಯ್ಯನ ಮನೆಯ ಆಳಿನ ಮಗನೂ ಡೋಹರ ಕಕ್ಕಯ್ಯನ ಮನೆಯ ಆಳಿನ ಮಗಳೂ ತಮ್ಮನ್ನು ಹೆತ್ತವರೆಂದು ವಚನದಲ್ಲಿ ಸಾರಿಕೊಂಡರು. ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಅವರು ಒಡೆಯನ ಜಗಲಿಯ ಮೇಲೆ ನಿಂತು ಆಳನ್ನು ಕರುಣಿಸಲಿಲ್ಲ. ಆಳಿನ ಆಳಿನ ಬಸುರಿನಲ್ಲಿ ತಮ್ಮ ಹುಟ್ಟನ್ನು ಕಂಡುಕೊಂಡರು. ಹಾಗೆ ಕಂಡವನಿಗೆ ಇನ್ನೊಬ್ಬನ ಬಿಡುಗಡೆಯನ್ನು ನಾಳೆಗೆ ಮುಂದೂಡಲು ಬಾಯಿ ಬಾರದು. ತನ್ನ ತಂದೆಯ ಬಿಡುಗಡೆಯನ್ನು ಮುಂದೂಡುವ ಮಗನುಂಟೆ?

ಟಾಮನನ್ನು ಬರಿಯ ವಿಧೇಯನೆಂದು ಹಳಿಯುವುದುಂಟು. ಅವನ ಹೆಸರೇ ಅಲ್ಲಿಯ ಕರಿಯ ಜನರಲ್ಲಿ ಬೈಗುಳವಾಗಿ ನಿಂತಿತು. ಅದರಲ್ಲಿ ಸ್ವಲ್ಪ ಅನ್ಯಾಯವಿದೆಯೆಂದು ನನ್ನ ಭಾವನೆ. ಜೊತೆಯ ಆಳಿಗೆ ಹೊಡೆಯೆಂದರೆ ಅವನು ಹೊಡೆಯಲಿಲ್ಲ. ಅಡಗಿದ್ದ ಇಬ್ಬರು ಹೆಂಗಸರ ಸುಳಿವು ಹೇಳೆಂದರೆ ಹೇಳಲಿಲ್ಲ; ಅದಕ್ಕಾಗಿಯೇ ಏಟು ತಿಂದು ಸತ್ತನು.

ಶೆಲ್ಬಿಯ ಮಗ ಜಾರ್ಜನು ಅವನನ್ನು ಬಿಡಿಸಲು ಹಣ ಹಿಡಿದು ಬಂದಾಗ ಹೊತ್ತು ಮೀರಿತ್ತು. ಶವವನ್ನು ಮಣ್ಣುಮಾಡಿ ಊರಿಗೆ ಮರಳಿದ ಆ ತರುಣನು ತನ್ನ ಎಲ್ಲ ಆಳುಗಳನ್ನೂ ಸೇರಿಸಿ ಒಬ್ಬೊಬ್ಬರಿಗೂ ಬಿಡುಗಡೆಯ ಪತ್ರವನ್ನು ಕೊಟ್ಟನು. ಅವರು ಅಳುತ್ತ ಅವನ್ನು ತಿರುಗಿ ಅವನ ಕೈಗೇ ಒಡ್ಡಿದರು. ಮನೆಯಿಂದ ಅಟ್ಟುವನೇನೋ ಎಂಬ ಹೆದರಿಕೆ. ಯಾರೂ ಮನೆ ಬಿಡಬೇಕಾದುದಿಲ್ಲ, ಕೆಲಸವೂ ಹಿಂದಿನಂತೆಯೇ ಇರುವುದು, ಇನ್ನು ಮೇಲೆ ಅದಕ್ಕೆ ಒಪ್ಪಿದಷ್ಟು ಕೂಲಿ ಸಲ್ಲುವುದು, ತಾನು ಸಾಲಗಾರನಾದರೂ ಸತ್ತರೂ ಅವರನ್ನು ಇನ್ನಾರೂ ಮಾರಲಾರರು ಎಂದು ಅವನು ತಿಳಿಯಹೇಳಿದನು.