ಏನನಿಸ್ತಿದೆ ಅಂತ ಕೇಳುವ ಕರ್ತನು

ಕೂತ್ಕೊಳ್ಳಿ. ಮಾರ್ಕನ ಸುವಾರ್ತೆ 8ನೇ ಅಧ್ಯಾಯ, 22ನೇ ವಚನದಿಂದ ತೆಗೆಯಿರಿ. ಫೋನಲ್ಲಿ ತೆಗೆದರೂ ಪರವಾಗಿಲ್ಲ, ಮೇಲೆ ಬರೋ ನೋಟಿಫಿಕೇಶನ್ ಮಾತ್ರ ಓದಬೇಡಿ.

ಬೇತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಯೇಸುವಿನ ಹತ್ತಿರ ಕರೆತರ್ತಾರೆ. ಕರ್ತನು ಅವನ ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋಗಿ, ಮುಟ್ಟಿ, ಏನಾದರೂ ಕಾಣುತ್ತಿದೆಯೋ ಅಂತ ವಿಚಾರಿಸ್ತಾನೆ. ಅವನ ಉತ್ತರ ನೋಡಿ. ಮನುಷ್ಯರು ಕಾಣ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಕಾಣ್ತಾರೆ ಅಂತಾನೆ. ನಾವಾಗಿದ್ರೆ ಏನು ಹೇಳ್ತಿದ್ವಿ? "ಹಲ್ಲೆಲೂಯಾ, ಪೂರ್ತಿ ಕ್ಲಿಯರ್ ಪಾಸ್ಟರ್!" ಎದುರಿಗೆ ಲೈವ್ ಕ್ಯಾಮರಾ ಇದ್ರಂತೂ ಕೇಳೋದೇ ಬೇಡ. ಈ ಮನುಷ್ಯ ಮಾತ್ರ ತನಗೆ ಅನಿಸಿದ್ದನ್ನು ಅನಿಸಿದ ಹಾಗೇ ಹೇಳಿದ. ಕರ್ತನು "ನಿನಗೆ ವಿಶ್ವಾಸ ಸಾಲದು" ಅನ್ನಲಿಲ್ಲ. ಎರಡನೇ ಸಲ ಕೈಯಿಟ್ಟನು. ಈ ಘಟನೆ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನಲ್ಲಿ ಮಾತ್ರ ಇದೆ.

ಈ ವಾಕ್ಯ ನನಗೆ ಯಾಕೆ ಇಷ್ಟು ಹತ್ತಿರ ಅಂತ ಇವತ್ತು ಹೇಳಿಬಿಡ್ತೀನಿ. ನನಗೆ ಸೀಲಿಯಾಕ್ ಕಾಯಿಲೆ ಇದೆ. ಕೆಲವರಿಗೆ ಗೊತ್ತು, "ಪಾಸ್ಟರ್ ಡಯೆಟ್ ಮಾಡ್ತಾರೆ" ಅಂತ ಅಂದ್ಕೊಂಡವರೂ ಇದ್ದೀರಿ. ಡಯೆಟ್ ಅಲ್ಲ, ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರೋ ಗ್ಲುಟೆನ್ ಒಳಗೆ ಹೋದರೆ, ನನ್ನನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನನ್ನ ಸಣ್ಣಕರುಳನ್ನು ಗಾಯ ಮಾಡುತ್ತೆ. ಗಾಯವಾದ ಕರುಳು ಕಬ್ಬಿಣ, ವಿಟಮಿನ್‌ಗಳನ್ನು ಸರಿಯಾಗಿ ಹೀರಿಕೊಳ್ಳಲ್ಲ. ಉತ್ತರ ಭಾರತದಲ್ಲಿ ಹೆಚ್ಚುಕಡಿಮೆ ನೂರು ಜನರಲ್ಲಿ ಒಬ್ಬರಿಗಿದೆ. ನಮ್ಮ ಕಡೆ ತುಂಬ ಕಡಿಮೆ, ಹಾಗಾಗಿ ಇಲ್ಲಿ ಬೇಗ ಯಾರಿಗೂ ಅನುಮಾನ ಬರಲ್ಲ.

ಮತ್ತೆ ಅದು ಹೊಟ್ಟೆಯಲ್ಲೇ ಶುರುವಾಗಬೇಕು ಅಂತೇನಿಲ್ಲ. ನನಗೆ ಮೊದಲು ಬಂದದ್ದು ಕಾಲಿಗೆ. ರಾತ್ರಿ ಪಾದದಲ್ಲಿ ಇರುವೆ ಹರಿದ ಹಾಗೆ. ಅಂಗೈ ಜುಮ್ಮೆನ್ನೋದು. ನಾಲಿಗೆ ಉರಿ. ತಲೆಯೊಳಗೆ ಮಂಜು ಕವಿದಂತಾಗಿ, ವಾಕ್ಯ ಓದ್ತಾ ಓದ್ತಾ ಅದೇ ಸಾಲಿಗೆ ಮತ್ತೆ ಬರೋದು. ಆ ದಿನಗಳಲ್ಲಿ ಒಂದು ಉಪವಾಸ ಪ್ರಾರ್ಥನೆಯಲ್ಲಿ ಕೈ ಜುಮ್ಮೆನ್ನುತ್ತೆ ಅಂದಾಗ ಒಬ್ಬರು "ಅದು ಅಭಿಷೇಕ ಬ್ರದರ್, ತಡೀಬೇಡಿ" ಅಂದ್ರು. ಅದೇ ವಾರ ಇನ್ನೊಬ್ಬರು "ಯಾರೋ ಏನೋ ಮಾಡಿಸಿದ್ದಾರೆ, ಬಿಡುಗಡೆ ಪ್ರಾರ್ಥನೆ ಬೇಕು" ಅಂದ್ರು. ಒಂದೇ ಕೈ, ಒಂದೇ ವಾರ! ನಗಬಹುದು, ನಾನೂ ನಕ್ಕಿದ್ದೀನಿ. ಆದರೆ ರಾತ್ರಿ ಎರಡು ಗಂಟೆಗೆ ನಗು ಬರ್ತಿರಲಿಲ್ಲ.

ನಾನು ಪವಿತ್ರಾತ್ಮನ ಸ್ಪರ್ಶವನ್ನು ನಂಬ್ತೇನೆ. ರೋಗಸೌಖ್ಯವನ್ನು ನಂಬ್ತೇನೆ, ಕಂಡಿದ್ದೇನೆ. ಆದರೆ ದೇಹದಲ್ಲಿ ಆಗೋ ಪ್ರತಿಯೊಂದಕ್ಕೂ ಆತ್ಮಿಕ ಹೆಸರು ಅಂಟಿಸೋದು ವಿಶ್ವಾಸ ಅಲ್ಲ, ಅವಸರ. ನನಗೆ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಆಯ್ತು, ಕಾರಣ ಸಿಕ್ಕಿತು. ಬಿ12 ಪಾತಾಳದಲ್ಲಿತ್ತು. ಯಾರಿಗಾದರೂ ಅನುಮಾನ ಇದ್ದರೆ ಒಂದು ಮಾತು: ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟಲ್ಲಿ ಕಾಣದೆ ಹೋಗಬಹುದು.

ಹೆಸರು ಸಿಕ್ಕಿತು, ಎಲ್ಲ ಹೋಯ್ತು ಅಂತ ಸಾಕ್ಷಿ ಹೇಳಬಹುದಿತ್ತು. ಇಲ್ಲ. ಚಪಾತಿ, ಪರೋಟ, ರವೆ ಇಡ್ಲಿ, ಬೇಕರಿ ಎಲ್ಲ ಬಿಟ್ಟೆ. ಅಂಗಡಿ ಇಂಗಿನಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರ್ತಾರೆ, ಅದನ್ನೂ ಬಿಟ್ಟೆ. (ಇಂಗಿಲ್ಲದ ಸಾರು ಅಂದ್ರೆ ಒಂದು ಸಣ್ಣ ಶಿಲುಬೆನೇ.) ದೇವರಿಗೆ ಸ್ತೋತ್ರ, ರಾಗಿ, ಜೋಳ, ಅಕ್ಕಿ ಇರೋ ನಾಡಲ್ಲಿ ಹುಟ್ಟಿಸಿದ್ದಾನೆ. ಎರಡು ವರ್ಷ ಆಯ್ತು, ರಕ್ತದ ರಿಪೋರ್ಟ್ ನಾರ್ಮಲ್. ಆದರೂ ಕೆಲವು ರಾತ್ರಿ ಆ ಇರುವೆಗಳು ವಾಪಸ್ ಬರ್ತವೆ. ನರದ ಡಾಕ್ಟರ್ ಪರೀಕ್ಷೆ ಮಾಡಿ, "ನರಗಳು ನಿಧಾನಕ್ಕೆ ಸುಧಾರಿಸ್ತವೆ. ಇದು ಅದೇನಾ ಬೇರೇನಾ ಅಂತ ಈಗ ನನಗೆ ಹೇಳಕ್ಕಾಗಲ್ಲ" ಅಂದ್ರು. ಆ ಮಾತು ಕೇಳಿ ನನಗೆ ಸಮಾಧಾನ ಆಯ್ತು. ಅವರು ಸುಳ್ಳು ಹೆಸರು ಕೊಡಲಿಲ್ಲ, ನಿನ್ನ ಭ್ರಮೆ ಅಂತಲೂ ಅನ್ನಲಿಲ್ಲ.

ಈ ಕಾಯಿಲೆಯನ್ನು ಸುಮಾರು 1,900 ವರ್ಷಗಳ ಹಿಂದೆಯೇ ವಿವರಿಸಿದವನು ಕಪ್ಪದೋಕ್ಯದ ವೈದ್ಯ ಅರೆಟಿಯಸ್. ಕಪ್ಪದೋಕ್ಯ! ಅಪೊಸ್ತಲರ ಕೃತ್ಯ 2ರಲ್ಲಿ, ಪಂಚಾಶತ್ತಮ ದಿನದ ಪಟ್ಟಿಯಲ್ಲಿರೋ ಅದೇ ಪ್ರಾಂತ. ಕಾರಣ ಗೋಧಿ ಅಂತ ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಪ್ರಬಂಧ ಬರೆದದ್ದು 1950ರಲ್ಲಿ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಊರೇ ಹಸಿದಿದ್ದಾಗ, ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡಿದ್ರು. ಬ್ರೆಡ್ ವಾಪಸ್ ಬಂತು, ಕಾಯಿಲೆಯೂ ಬಂತು. ಈ ನಡುವಿನ ಹದಿನೆಂಟು ನೂರು ವರ್ಷ ಯಾರಿಗೂ ಕಾರಣ ಗೊತ್ತಿರಲಿಲ್ಲ. ಆ ಮಕ್ಕಳ ನೋವು ಆಗ ಸುಳ್ಳಾಗಿತ್ತಾ? ಕರ್ತನಿಗೆ ಗೊತ್ತಿರಲಿಲ್ವಾ?

ನಿಮ್ಮಲ್ಲೂ ಇದ್ದೀರಿ. ಸ್ಕ್ಯಾನ್ ನಾರ್ಮಲ್, ಎದೆಯಲ್ಲಿ ಮಾತ್ರ ಏನೋ ಆಗ್ತಿದೆ. ಮನೆಯವರು "ಫೋನ್ ಜಾಸ್ತಿ ನೋಡ್ತೀಯ" ಅಂತಾರೆ, ಆಫೀಸಲ್ಲಿ "ಸ್ಟ್ರೆಸ್" ಅಂತಾರೆ. ಹೆಸರಿಲ್ಲದಿದ್ದರೂ ಪ್ರಾರ್ಥನೆಗೆ ತನ್ನಿ. "ಮರ ನಡೆದ ಹಾಗಿದೆ ಕರ್ತನೇ" ಅಂತಲೇ ಹೇಳಿ. ಡಾಕ್ಟರ್ ಹತ್ತಿರವೂ ಹೋಗಿ. ತಿಮೊಥೆಯ ಹೊಟ್ಟೆಗೆ ಪೌಲನು ಪ್ರಾರ್ಥನೆ ಮಾತ್ರ ಅಲ್ಲ, ಏನು ಕುಡೀಬೇಕು ಅಂತಲೂ ಪತ್ರದಲ್ಲಿ ಬರೆದ.

ಈಗ ಕರ್ತನ ಮೇಜು. ನನ್ನಂಥವರಿಗೆ ಇದು ಸುಲಭ ಅಲ್ಲ. "ವಿಶ್ವಾಸದಿಂದ ಒಂದು ಚೂರು ತಗೋ, ಏನೂ ಆಗಲ್ಲ" ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಒಳಗೆ ಹೋದರೂ ಕರುಳು ಹಾಳಾಗುತ್ತೆ, ಅದು ಬ್ರೆಡ್ಡಿನ ತುಣುಕಿಗಿಂತ ಚಿಕ್ಕದು. ಒಬ್ಬರಿಗಾಗಿ ಒಬ್ಬರು ಕಾಯಿರಿ ಅಂತ ಪೌಲನು ಕೊರಿಂಥದವರಿಗೆ ಹೇಳಿದ್ದು ಇದೇ ಮೇಜಿನ ವಿಷಯದಲ್ಲಿ. ಎಡಗಡೆ ಮುಚ್ಚಿಟ್ಟಿರೋ ಬಿಳಿ ತಟ್ಟೆಯಲ್ಲಿ ಅಕ್ಕಿ ಹಿಟ್ಟಿನ ರೊಟ್ಟಿ ಇದೆ, ಪಕ್ಕದಲ್ಲೇ ಬೇರೆ ಬಟ್ಟಲು. ಗೋಧಿ ರೊಟ್ಟಿ ಮುರಿದ ಕೈ ಅದನ್ನು ಮುಟ್ಟಿಲ್ಲ. ಬೇಕಾದವರು ಮೊದಲು ಬನ್ನಿ, ಕಾರಣ ಯಾರೂ ಕೇಳಲ್ಲ. ಉಳಿದವರು ಅಲ್ಲೇ ನಿಂತು ಹಾಡ್ತಾ ಇರಿ.