ಬೀಜದ ಋಣ

ಹೈದರಾಬಾದಿನಲ್ಲಿ ಇಂದು ‘ಬಯೋಡೈವರ್ಸಿಟಿ’ ಎಂದರೆ ಹೆಚ್ಚಿನವರಿಗೆ ತೋಚುವುದು ಗಚ್ಚಿಬೌಲಿಯ ಹತ್ತಿರದ ಒಂದು ಕೂಡುರಸ್ತೆ, ಅಲ್ಲಿನ ವಾಹನಗಳ ಸಂದಣಿ, ಮೇಲ್ಸೇತುವೆ. ಹೆಸರು ಬಂದ ಬಗೆ ಮರೆತೇಹೋಗಿದೆ. 2012ರ ಅಕ್ಟೋಬರ್ 8ರಿಂದ 19ರವರೆಗೆ, ಜೀವವೈವಿಧ್ಯದ ಒಡಂಬಡಿಕೆಯನ್ನು ಒಪ್ಪಿದ ರಾಷ್ಟ್ರಗಳ ಹನ್ನೊಂದನೆಯ ಸಮ್ಮೇಳನ ಈ ನಗರದಲ್ಲಿ ಜರುಗಿತು. ಅದರ ನೆನಪಿಗೆ ಒಂದು ಉದ್ಯಾನ, ಆ ಉದ್ಯಾನದಿಂದ ಕೂಡುರಸ್ತೆಗೆ ಹೆಸರು. ಸಸ್ಯ ಮತ್ತು ಪ್ರಾಣಿ ಸಂಪತ್ತನ್ನು ಕಾಪಾಡಲು ಬಡ ದೇಶಗಳಿಗೆ ಹೊರಗಿನಿಂದ ಬರುವ ಹಣವನ್ನು 2015ರ ಹೊತ್ತಿಗೆ ಇಮ್ಮಡಿಗೊಳಿಸಬೇಕೆಂದು ಆಗ ತೀರ್ಮಾನವಾಯಿತು. ಹಣದ ಮಾತು ಮುಖ್ಯವೇ, ಸಂದೇಹವಿಲ್ಲ. ಆದರೆ ಆ ಹಣ ಯಾರಿಗೆ ಸಲ್ಲಬೇಕು ಎಂದು ಹೊರಟರೆ ಅದಕ್ಕಿಂತ ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ: ಬೀಜ ಯಾರದು?

ರಾಷ್ಟ್ರಗಳು ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಭೆಯಲ್ಲಿ, ಬೆಳೆಗಳ ತಳಿಸಂಪತ್ತು ಇಡೀ ಮನುಕುಲದ ಆಸ್ತಿ ಎಂದರು. ಕೇಳಲು ಉದಾತ್ತವಾದ ಮಾತು. ಆದರೆ ಬಡವನ ಹೊಲದ ಬೀಜ ಮಾತ್ರ ಎಲ್ಲರದು, ಅದರಿಂದ ಬಲ್ಲಿದನ ಪ್ರಯೋಗಶಾಲೆಯಲ್ಲಿ ಹುಟ್ಟಿದ ಬೀಜಕ್ಕೆ ಪೇಟೆಂಟು ಎಂಬಂತಾದಾಗ ಅಸಮಾಧಾನ ಬೆಳೆಯಿತು. 1992ರಲ್ಲಿ ರಿಯೋ ಡಿ ಜನೈರೊದಲ್ಲಿ ಸಹಿಗೆ ಬಂದ ಒಡಂಬಡಿಕೆ, ಆಯಾ ದೇಶದ ಜೀವಸಂಪತ್ತಿನ ಮೇಲೆ ಆಯಾ ದೇಶಕ್ಕೇ ಪರಮಾಧಿಕಾರ ಎಂದು ಸಾರಿತು. ಆ ಸಿಟ್ಟು ನ್ಯಾಯವಾದದ್ದು. ಅದರಿಂದ ಬಂದ ಉತ್ತರ ಪೂರ್ತಿ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಊಟದ ತಟ್ಟೆಯನ್ನೇ ನೋಡೋಣ. ಜೋಳದ ರೊಟ್ಟಿ, ರಾಗಿಮುದ್ದೆ ಎಂದರೆ ಪರಊರಿನಲ್ಲಿರುವ ಕನ್ನಡಿಗನಿಗೆ ತವರೇ ಎದುರು ಬಂದಂತೆ. ಆದರೆ ಜೋಳವೂ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಧಾನ್ಯಗಳು. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದವು. ತೊಗರಿ ನಮ್ಮ ನೆಲದ್ದೇ ಹೌದು, ಆದರೆ ಅದು ಇಲ್ಲಿಂದ ಹೊರಟು ಪೂರ್ವ ಆಫ್ರಿಕ, ಅಲ್ಲಿಂದಾಚೆ ವೆಸ್ಟ್ ಇಂಡೀಸ್‌ವರೆಗೂ ಸಂಸಾರ ಹೂಡಿದೆ. ಬೀಜಗಳೂ ನಮ್ಮಂತೆಯೇ ವಲಸಿಗರು. ಇಥಿಯೋಪಿಯದವನು ಬಂದು, ನಿಮ್ಮ ರೊಟ್ಟಿ ನಮ್ಮದು ಎಂದರೆ ಏನು ಹೇಳುತ್ತೇವೆ? ಅಷ್ಟು ಶತಮಾನ ಬಿತ್ತಿ, ಆರಿಸಿ, ನಮ್ಮ ಎರೆಮಣ್ಣಿಗೆ ಒಗ್ಗಿಸಿದವರು ನಾವು ಎನ್ನುತ್ತೇವೆ. ಎರಡೂ ನಿಜ. ಆದ್ದರಿಂದಲೇ ‘ಯಾರದು’ ಎಂಬ ಪ್ರಶ್ನೆ ಬೀಜಕ್ಕೆ ಸರಿಯಾಗಿ ಹೊಂದುವುದಿಲ್ಲ. ‘ಯಾರಿಗೆ ಎಷ್ಟು ಋಣಿ’ ಎಂದು ಕೇಳಬೇಕು. ಋಣಕ್ಕೂ ಲೆಕ್ಕವಿದೆ, ಆದರೆ ಅದು ಸ್ವತ್ತಿನ ಲೆಕ್ಕವಲ್ಲ.

ಈ ಲೆಕ್ಕವನ್ನು ಕಣ್ಣಾರೆ ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಬೀದರಿಗೋ ಕಲಬುರಗಿಗೋ ಹೋಗುವಾಗ ನಾವು ಹಿಡಿಯುವ ಮುಂಬಯಿ ಹೆದ್ದಾರಿಯಲ್ಲೇ ಪಟಾನ್‌ಚೆರು ಇದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಬೀಜಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ, ರಾಗಿ ಮೊದಲಾದ ಬೆಳೆಗಳ 1,25,000ಕ್ಕೂ ಹೆಚ್ಚು ಮಾದರಿಗಳಿವೆ. 144 ದೇಶಗಳಿಂದ ಬಂದವು. ದೀರ್ಘಕಾಲಕ್ಕೆಂದು ಇಟ್ಟವು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಮಲಗಿವೆ. ಆಗಾಗ ಮೊಳಕೆ ಪರೀಕ್ಷೆ ಮಾಡುತ್ತಾರೆ; ಮೊಳಕೆಯ ಪ್ರಮಾಣ ಇಳಿದರೆ ಹೊಲಕ್ಕೆ ಇಳಿಸಿ ಹೊಸ ಬೀಜ ಎತ್ತುತ್ತಾರೆ. 1994ರಲ್ಲಿ ಇಂಥ ಸಂಸ್ಥೆಗಳು ಆಹಾರ ಮತ್ತು ಕೃಷಿ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಈ ಬೀಜಗಳು ಅವರ ಸ್ವತ್ತಲ್ಲ, ಲೋಕದ ಪರವಾಗಿ ಇಟ್ಟುಕೊಂಡ ಠೇವಣಿ. ನನಗೆ ಈ ಶಬ್ದ ಹಿಡಿಸುತ್ತದೆ.

ಈ ಠೇವಣಿಯಿಂದ ನಮ್ಮವರಿಗೆ ಆದ ಪ್ರಯೋಜನಕ್ಕೆ ಒಂದು ನಿದರ್ಶನ. ಕಲಬುರಗಿ ಸೀಮೆಯಲ್ಲಿ ನೆಟೆರೋಗ ಬಂದು ತೊಗರಿ ಹೊಲದಲ್ಲೇ ಒಣಗಿ ನಿಲ್ಲುತ್ತಿತ್ತು. ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರದ ರೋಗ ಅದು, ಔಷಧಿ ಹೊಡೆದು ಓಡಿಸುವಂಥದಲ್ಲ. ಮಹಾರಾಷ್ಟ್ರದ ನಾಡತಳಿಯೊಂದರಿಂದ ಆರಿಸಿದ, ಪಟಾನ್‌ಚೆರುವಿನ ದಾಖಲೆಯಲ್ಲಿ ಐಸಿಪಿ 8863 ಎಂದು ಸಂಖ್ಯೆ ಹೊತ್ತ ತೊಗರಿ ಆ ರೋಗಕ್ಕೆ ಜಗ್ಗಲಿಲ್ಲ. 1986ರಲ್ಲಿ ಅದು ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು, ಕೆಲವೇ ವರ್ಷಗಳಲ್ಲಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಹರಡಿತು. ಮಹಾರಾಷ್ಟ್ರದ ರೈತನ ಬೀಜ, ತೆಲುಗು ನೆಲದ ಉಗ್ರಾಣ, ಹಲವು ದೇಶಗಳ ಹಣ, ಕಲಬುರಗಿಯ ಹೊಲ. ಅಂತರರಾಷ್ಟ್ರೀಯ ಸಹಕಾರ ಎಂಬ ಭಾರವಾದ ಮಾತಿಗೆ ಅರ್ಥ ಇಷ್ಟೇ. ನಾವು ಹೈದರಾಬಾದಿನಲ್ಲಿ ಕುಳಿತು ಉಣ್ಣುವ ಬೇಳೆಸಾರಿನಲ್ಲಿ ಆ ಮೊದಲ ರೈತನ ಪಾಲು ಎಷ್ಟೋ.

ಅವನ ಹೆಸರೇನು? ಬೀಜಭಂಡಾರಗಳು ಪರಸ್ಪರ ವಿನಿಮಯ ಮಾಡಿಕೊಳ್ಳುವ ಮಾಹಿತಿಗೆ ‘ಪಾಸ್‌ಪೋರ್ಟ್’ ಎಂದೇ ಹೆಸರು. ಸಂಗ್ರಹಿಸಿದ ಸಂಸ್ಥೆ, ದಿನಾಂಕ, ಸ್ಥಳ, ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಎಲ್ಲಕ್ಕೂ ಅಂಕಣವಿದೆ. ಬೆಳೆದ ರೈತನ ಹೆಸರಿಗೆಂದೇ ಒಂದು ಅಂಕಣವಿಲ್ಲ. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವನಿಗೆ ಇದು ಸಣ್ಣ ಸಂಗತಿಯೆಂದು ಅನ್ನಿಸುವುದಿಲ್ಲ. ಅಂಕಣವಿಲ್ಲದವನಿಗೆ ಹಣ ಮಂಜೂರಾಗುವುದಿಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯಿದೆ ಈ ಕೊರತೆ ತುಂಬಲು ಊರೂರಿಗೆ ಸಮಿತಿ, ಜನರೇ ಹೇಳಿ ಬರೆಸುವ ದಾಖಲೆ ಪುಸ್ತಕ ಇರಬೇಕೆಂದಿತು. ವರ್ಷಗಟ್ಟಲೆ ಪುಸ್ತಕಗಳು ಹುಟ್ಟಲಿಲ್ಲ. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಗುಡುಗಿದ ಮೇಲೆ ಲಕ್ಷಗಟ್ಟಲೆ ಹುಟ್ಟಿದವು. ಗಡುವಿನ ಮುನ್ನಾದಿನ ರಿಜಿಸ್ಟರುಗಳು ಹೇಗೆ ತುಂಬುತ್ತವೆಂದು ಓದುಗರಲ್ಲಿ ಕಚೇರಿಗೆ ಹೋಗುವವರಿಗೆ ನಾನು ಹೇಳಬೇಕಾಗಿಲ್ಲ.

ಚಳಿಯ ಉಗ್ರಾಣವಿದ್ದರೆ ಸಾಲದೆ, ಹೊಲದ ಗೊಡವೆ ಯಾಕೆ ಎನ್ನುವವರಿದ್ದಾರೆ. ಉಗ್ರಾಣ ಬೇಕೇಬೇಕು. ಸಿರಿಯಾದ ಅಲೆಪ್ಪೊ ಬಳಿಯ ಬೀಜಭಂಡಾರ ಯುದ್ಧಕ್ಕೆ ಸಿಕ್ಕಿದಾಗ, ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ ಮೊದಲೇ ಇಟ್ಟಿದ್ದ ನಕಲು ಬೀಜಗಳಲ್ಲಿ ಸುಮಾರು 38 ಸಾವಿರ ಮಾದರಿಗಳನ್ನು 2015ರಲ್ಲಿ ಹಿಂದಕ್ಕೆ ತಂದು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಬಿತ್ತಿದರು. ದೇಶಗಳು ಒಂದನ್ನೊಂದು ನಂಬದಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ಪೆಟ್ಟಿಗೆಯ ಬೀಜಕ್ಕೆ ಪೆಟ್ಟಿಗೆ ಸೇರಿದ ವರ್ಷದವರೆಗಿನ ಮಳೆ, ಹುಳ, ರೋಗಗಳಷ್ಟೇ ಗೊತ್ತು. ಅನಂತರದ್ದನ್ನು ಹೊಲದಲ್ಲಿರುವ ಬೀಜವೇ ಕಲಿಯಬೇಕು. ಮಾರುತಿಯಂಥ ಒಳ್ಳೆಯ ತಳಿ ಹರಡಿದಷ್ಟೂ ಪಕ್ಕದ ಹತ್ತು ತಳಿಗಳಿಗೆ ಜಾಗ ಕಡಮೆಯಾಗುವುದೂ ಸಹಜ.

ಹಾಗಾದರೆ ಆ ಹತ್ತು ತಳಿಗಳನ್ನು ಯಾರು ಬೆಳೆಯಬೇಕು? ನೈತಿಕ ತೊಡಕು ಇರುವುದು ಇಲ್ಲಿ. ಇಳುವರಿ ಕಡಮೆಯಾದರೂ ಹಳೆಯ ಜೋಳವನ್ನೇ ಬಿತ್ತು, ಲೋಕಕ್ಕೆ ಎಂದಾದರೂ ಬೇಕಾದೀತು, ಎಂದು ಎರಡೆಕರೆಯ ರೈತನಿಗೆ ಹೇಳುವ ಅಧಿಕಾರ ಯಾರಿಗಿದೆ? ಸಮ್ಮೇಳನಕ್ಕೆ ಬಂದು ಹೋದವರಿಗೆ ಇಲ್ಲ. ಊರು ಬಿಟ್ಟು ಬಂದು, ಸಂಬಳದ ಮೇಲೆ ಬದುಕಿ, ಸೋನಾ ಮಸೂರಿ ಉಂಡು, ಊರು ಮಾತ್ರ ಅಜ್ಜಿಯ ಕಾಲದಂತೆಯೇ ಇರಲಿ ಎಂದು ಬಯಸುವ ನಮಗೂ ಇಲ್ಲ. ಕೇಳಬೇಕಾದರೆ ಬೆಲೆ ಕೊಟ್ಟು ಕೇಳಬೇಕು. ಇದು ದಾನವಲ್ಲ, ಬಾಕಿ.

ಅದೇ ಹೆದ್ದಾರಿಯಲ್ಲಿ, ಪಟಾನ್‌ಚೆರುವಿನಿಂದ ಸುಮಾರು 70 ಕಿಲೋಮೀಟರು ಮುಂದೆ ಜಹೀರಾಬಾದ್. 1956ರವರೆಗೆ ಬೀದರ್ ಜಿಲ್ಲೆಯದೇ ತಾಲೂಕು. ಅದರ ಪಕ್ಕದ ಪಸ್ತಾಪುರದಲ್ಲಿ 1983ರಿಂದ ಕೆಲಸಮಾಡುತ್ತ ಬಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿರುವವರು ಬಹುಪಾಲು ದಲಿತ ಹೆಂಗಸರು. ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಬಂದವರು. 2023ರ ಮಾರ್ಚಿಯಲ್ಲಿ ತೀರಿಕೊಂಡರು. ಇಲ್ಲಿಯ ಬೀಜಭಂಡಾರಕ್ಕೆ ವಿದ್ಯುತ್ತು ಬೇಡ. ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಗಳಲ್ಲಿ, ಗಡಿಗೆಗಳಲ್ಲಿ ಬೀಜ ಇಡುತ್ತಾರೆ. ಬೀಜ ಮಾರುವುದಿಲ್ಲ, ಒಯ್ದವರು ಬೆಳೆ ಬಂದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ಅಳೆದು ಕೊಡುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಇವರಿಗೆ ಬಂತು. ಆದರೆ ಇವರು ಹಳೆಯ ಜೋಳ, ನವಣೆ, ಸಾಮೆ ಬಿತ್ತುವುದು ಪ್ರಶಸ್ತಿಗಲ್ಲ, ಲೋಕದ ಮುಂದಿನ ಪೀಳಿಗೆಗೂ ಅಲ್ಲ. ತಾವು ಉಣ್ಣುತ್ತಾರೆ, ಅದಕ್ಕೆ ಬಿತ್ತುತ್ತಾರೆ. ಒಂದೇ ಹೊಲದಲ್ಲಿ ಹತ್ತಾರು ಬೆಳೆ ಇದ್ದರೆ ಮಳೆ ಕೈಕೊಟ್ಟ ವರ್ಷವೂ ಒಲೆಯ ಮೇಲೆ ಏನಾದರೂ ಇರುತ್ತದೆ. ಸಂಕ್ರಾಂತಿ ಬಂತೆಂದರೆ ಆ ಬೀಜಗಳನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಏರಿಸಿ ಊರಿಂದೂರಿಗೆ ಹೊರಡುತ್ತಾರೆ. ನಾವು ಹಬ್ಬಕ್ಕೆ ಊರಿಗೆ ಹೋಗಿ ಬರುವುದೂ ಅದೇ ದಿನಗಳಲ್ಲಿ, ಅದೇ ರಸ್ತೆಯಲ್ಲಿ.